ಮೂರು ಹಾಕಿ ನೋಡಿದ್ದರೆ

ಹಿಂಜವಡಿಯಿಂದ ವಾಕಡ್ ದೂರವೇನಲ್ಲ. ಆದರೂ ಆ ಗುರುವಾರ ನಾನು ಮನೆ ಮುಟ್ಟುವಾಗ ರಾತ್ರಿ ಎಂಟೂವರೆ. ಊಟದ ಟೇಬಲ್ ಮೇಲೆ ಮಗಳ ಗಣಿತದ ಉತ್ತರಪತ್ರಿಕೆ ಬೋರಲು ಬಿದ್ದಿತ್ತು, ಅದರ ಮೇಲೊಂದು ನೀರಿನ ಲೋಟ. ತಿರುಗಿಸಿ ನೋಡಿದೆ. 40ಕ್ಕೆ 17. ಅದರ ಕೆಳಗೆ ಶಾಲೆಯಿಂದ ಬಂದ ಇನ್ನೊಂದು ಹಾಳೆ: ಮುಂದಿನ ವರ್ಷ ನಿಮ್ಮ ಮಗುವಿಗೆ ಗಣಿತ ಸ್ಟ್ಯಾಂಡರ್ಡೋ ಬೇಸಿಕ್ಕೋ, ಪಾಲಕರ ಸಹಿಯೊಂದಿಗೆ ಡಿಸೆಂಬರ್ ಒಳಗೆ ತಿಳಿಸಿ.

ಮಕ್ಕಳು ಸಿಬಿಎಸ್‌ಇಯಲ್ಲಿ ಓದುತ್ತಿರುವವರಿಗೆ ಇದು ಗೊತ್ತಿರುತ್ತದೆ. ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆ ಎರಡು ಬಗೆಯದು. ಪಾಠ ಎರಡಕ್ಕೂ ಒಂದೇ, ಪ್ರಶ್ನೆಪತ್ರಿಕೆಯ ಮಟ್ಟ ಮಾತ್ರ ಬೇರೆ. ಮುಂದೆ ಗಣಿತ ಓದುವ ಇರಾದೆ ಇಲ್ಲದವರಿಗೆಂದು ಬೇಸಿಕ್ ಇಟ್ಟಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಯಜಮಾನರು ಅದನ್ನೇ ಹೇಳಿದರು, ಎಲ್ಲರೂ ಇಂಜಿನಿಯರ್ ಆಗಬೇಕಂತ ಎಲ್ಲಿ ಬರದೈತಿ ಅಂತ. ಮಗಳು ಒಳಗಿನ ಕೋಣೆಯಿಂದಲೇ ತೀರ್ಪು ಕೊಟ್ಟಳು: "ಅಮ್ಮಾ, ನನಗ ಮ್ಯಾಥ್ಸ್ ಬರಂಗಿಲ್ಲ. ನಾ ಬೇಸಿಕ್ ತಗೋತೀನಿ. ಸಹಿ ಮಾಡು."

ಸಹಿ ಮಾಡಲು ನನ್ನ ಕೈಗೆ ಪೆನ್ನೂ ಬಂದಿತ್ತು. ದಣಿವಿನಲ್ಲಿ ಮಾಡಿಬಿಡುತ್ತಿದ್ದೆನೋ ಏನೋ. ಆದರೆ ಉತ್ತರಪತ್ರಿಕೆಯ ಮೂರನೇ ಪುಟದಲ್ಲಿ ಒಂದು ಲೆಕ್ಕ ಕಣ್ಣಿಗೆ ಬಿತ್ತು. ಐದು ಅಂಕದ್ದು, ಕೆಂಪು ಶಾಯಿಯಲ್ಲಿ ಸೊನ್ನೆ. ಪ್ರಶ್ನೆ: ಅಪವರ್ತಿಸಿ.

ಯ³ − 4ಯ² − 17ಯ + 60

ಇಲ್ಲಿ ಒಂದು ಮಾತು. ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನು ಯ ಬರೆಯುತ್ತಿದ್ದೇನೆ. ಇದು ನನ್ನ ಕಲ್ಪನೆಯೇನಲ್ಲ. ಭಾಸ್ಕರಾಚಾರ್ಯರು 1150ರ ಹೊತ್ತಿಗೆ ಬರೆದ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ ತಾವತ್' ಎಂದು ಹೆಸರು, ಅದನ್ನು ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು. ಅದರ ಘನಕ್ಕೆ 'ಯಾ ಘ', ವರ್ಗಕ್ಕೆ 'ಯಾ ವ'. ಎಕ್ಸ್ ಅಂತ ಓದಿಕೊಂಡರೂ ಲೆಕ್ಕ ಕೆಡುವುದಿಲ್ಲ.

ಮಗಳು ಬರೆದದ್ದು ಹೀಗಿತ್ತು. ಯ = 1 ಹಾಕಿದರೆ 40. ಯ = −1 ಹಾಕಿದರೆ 72. ಯ = 2 ಹಾಕಿದರೆ 18. ಯ = −2 ಹಾಕಿದರೆ 70. ಆಮೇಲೆ ಒಂದು ಗೆರೆ ಎಳೆದು, ಇದಕ್ಕೆ ಅಪವರ್ತನಗಳಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದಾಳೆ. ನಾಲ್ಕೂ ಲೆಕ್ಕ ಸರಿ. ಒಂದೇ ಒಂದು ಕೂಡಿಸುವ ತಪ್ಪೂ ಇಲ್ಲ. ಮೂರು ಹಾಕಿ ನೋಡಿದ್ದರೆ ಸೊನ್ನೆ ಬರುತ್ತಿತ್ತು.

"ಮೂರು ಯಾಕ ಹಾಕಲಿಲ್ಲ?" ಎಂದೆ.

"ಟ್ಯೂಷನ್‌ನ್ಯಾಗ ಒಂದು, ಮೈನಸ್ ಒಂದು, ಎರಡು, ಮೈನಸ್ ಎರಡು ಅಷ್ಟ ಹೇಳ್ಯಾರ. ಅಷ್ಟರಾಗ ಬಂದ ಬರ್ತದ ಅಂದಾರ. ಬರಲಿಲ್ಲ ಅಂದ್ರ ನಾ ಏನ್ ಮಾಡ್ಲಿ? ಹಿಟ್ ಅಂಡ್ ಟ್ರಯಲ್ ಅದು, ಲಕ್ ಇದ್ರ ಬರ್ತದ."

ಲಕ್ ಇದ್ದರೆ ಬರುತ್ತದೆ. ಪೆನ್ನು ಕೆಳಗಿಟ್ಟೆ.

ನಾನು ಓದಿದ್ದು ಹಾವೇರಿ ಜಿಲ್ಲೆಯ ಒಂದು ಸರಕಾರಿ ಹೈಸ್ಕೂಲಿನಲ್ಲಿ, ಪೂರ್ತಿ ಕನ್ನಡ ಮಾಧ್ಯಮ. ಬಹುಪದೋಕ್ತಿ, ಸಹಗುಣಕ, ಸ್ಥಿರಪದ, ಭಾಜಕ, ಭಾಗಲಬ್ಧ, ಶೇಷ — ಈ ಮಾತುಗಳಲ್ಲೇ ಗಣಿತ ಕಲಿತವಳು. ಧಾರವಾಡಕ್ಕೆ ಪಿಯುಸಿ ಸೈನ್ಸಿಗೆ ಬಂದಾಗ ಮೊದಲ ಎರಡು ತಿಂಗಳು ಏನು ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ಲೆಕ್ಚರರ್ ಬೋರ್ಡಿನ ಮೇಲೆ ಲೆಕ್ಕ ಬರೆದಾಗ ಗುರುತು ಸಿಗುತ್ತಿತ್ತು, ಬಾಯಿ ತೆರೆದರೆ ಕಳೆದುಹೋಗುತ್ತಿತ್ತು. ಮೊದಲ ಟೆಸ್ಟಿನಲ್ಲಿ 25ಕ್ಕೆ 9. ಹಾಸ್ಟೆಲಿನ ಫೋನಿನಿಂದ ಅಪ್ಪನಿಗೆ ಹೇಳಿದ್ದೆ, ನನಗ ಗಣಿತ ಬರಂಗಿಲ್ಲ, ಆರ್ಟ್ಸಿಗೆ ಹೋಗ್ತೀನಿ ಅಂತ. ಅಪ್ಪ ದೀಪಾವಳಿ ತನಕ ತಡಿ ಎಂದರು. ಅಷ್ಟರಲ್ಲಿ ಪದಗಳು ಹೊಂದಿಕೊಂಡವು, ಒಳಗಿದ್ದ ಗಣಿತ ಹಾಗೆಯೇ ಇತ್ತು. ಇಂಥ ಕಥೆ ಈ ಪತ್ರಿಕೆ ಓದುವ ಹಲವರಲ್ಲಿ ಇರುತ್ತದೆ ಎಂದು ನನಗೆ ಗೊತ್ತು. ಸಂಬಳ ಬಂದ ಮೇಲೆ ಅದನ್ನು ನಗುತ್ತಾ ಹೇಳುತ್ತೇವೆ.

ಮಗಳದ್ದು ಇದರ ತಿರುಗುಮುರುಗು. ರಿಮೇಂಡರ್ ಥಿಯರಮ್, ಫ್ಯಾಕ್ಟರ್ ಥಿಯರಮ್ ಎಲ್ಲವೂ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಆದರೆ 18 ಎಂಬ ಉತ್ತರ ಬಂದಾಗ ಆ 18 ಏನು ಎಂದು ಕೇಳಿದರೆ, "ಝೀರೋ ಅಲ್ಲ, ಅಷ್ಟ."

ಶನಿವಾರ ಬೆಳಿಗ್ಗೆ ಅವಲಕ್ಕಿ ತಿಂದಾದ ಮೇಲೆ ಇಬ್ಬರೂ ಕುಳಿತೆವು. ಒಂದು ಗಂಟೆ ಕೊಡು, ಆಮೇಲೂ ಬೇಸಿಕ್ ಅಂದರೆ ಸಹಿ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಶುರು ಮಾಡಿದ್ದು ಘನದಿಂದಲ್ಲ, ಮೆಣಸಿನಕಾಯಿಯಿಂದ. ನಮ್ಮ ಕಡೆ ಬ್ಯಾಡಗಿ ಪೇಟೆ ಇರುವುದರಿಂದ ನಮ್ಮ ಗಣಿತದ ಸರ್ ಎಲ್ಲ ಭಾಗಾಕಾರವನ್ನೂ ಚೀಲ-ಗಾಡಿಯಲ್ಲೇ ಹೇಳುತ್ತಿದ್ದರು. 60 ಚೀಲ ಮೆಣಸಿನಕಾಯಿ, ಗಾಡಿಗೆ 7 ಚೀಲ. 8 ಗಾಡಿ ತುಂಬುತ್ತವೆ, 4 ಚೀಲ ನೆಲದ ಮೇಲೆ ಉಳಿಯುತ್ತವೆ. ಆ ಉಳಿದ 4 ಶೇಷ. ಗಾಡಿಗೆ 6 ಚೀಲವಾದರೆ ಏನೂ ಉಳಿಯುವುದಿಲ್ಲ. ಆಗ 6 ಅನ್ನುವುದು 60ರ ಅಪವರ್ತನ. ನಾನು 'ಶೇಷ' ಎಂದಾಗ ಮಗಳ ಮುಖ ಖಾಲಿ. 'ಬಾಕಿ' ಎಂದೆ. ಶಾಲೆಯಲ್ಲಿ ಕಲಿತ ಮರಾಠಿಯಿಂದ ತಕ್ಷಣ ಹೊಳೆಯಿತು. ಪುಣೆಯಲ್ಲಿ ಬೆಳೆಯುವ ಮಕ್ಕಳಿಗೆ ಅರ್ಥ ಯಾವ ಬಾಗಿಲಿಂದ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಎಲ್ಲ ಬಾಗಿಲೂ ತಟ್ಟಬೇಕು.

ಈಗ ಅವಳ 18ಕ್ಕೆ ಬಂದೆವು. ನಮ್ಮ ಬಹುಪದೋಕ್ತಿಯನ್ನು (ಯ − 2) ಎಂಬ ಗಾಡಿಗೆ ಹೇರಿದರೆ ಹೀಗಾಗುತ್ತದೆ:

ಯ³ − 4ಯ² − 17ಯ + 60 = (ಯ − 2)(ಯ² − 2ಯ − 21) + 18

ನಂಬಬೇಡ, ಗುಣಿಸಿ ನೋಡು ಎಂದೆ. ಗುಣಿಸಿದಳು, ಸರಿ ಬಂತು. ಈಗ ಎರಡೂ ಕಡೆ ಯ ಇದ್ದಲ್ಲಿ 2 ಹಾಕು. ಬಲಗಡೆ (ಯ − 2) ಸೊನ್ನೆ. ಅದಕ್ಕೆ ಏನನ್ನೇ ಗುಣಿಸಿದರೂ ಸೊನ್ನೆ. ಉಳಿದದ್ದು 18 ಒಂದೇ. ಎಡಗಡೆ ಅವಳು ಪರೀಕ್ಷೆಯಲ್ಲಿ ಲೆಕ್ಕ ಹಾಕಿದ್ದೂ ಅದೇ. ಶೇಷ ಪ್ರಮೇಯ ಅಂದರೆ ಇಷ್ಟೇ. ಭಾಗಾಕಾರ ಮಾಡದೆಯೇ ಬಾಕಿ ಎಷ್ಟು ಉಳಿಯುತ್ತದೆ ಎಂದು ತಿಳಿಯುವ ಉಪಾಯ. 2 ಹಾಕಿದರೆ (ಯ − 2)ರ ಬಾಕಿ, 1 ಹಾಕಿದರೆ (ಯ − 1)ರ ಬಾಕಿ, −2 ಹಾಕಿದರೆ (ಯ + 2)ರ ಬಾಕಿ. ಬಾಕಿ ಸೊನ್ನೆಯಾದರೆ ಆ ಗಾಡಿ ಅಪವರ್ತನ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಅಂದ್ರ ನಾ ನಾಕು ಸಲ ಡಿವೈಡ್ ಮಾಡಿದ್ನಿ, ನನಗ ಗೊತ್ತ ಇರ್ಲಿಲ್ಲ."

ಮುಂದಿನ ಪ್ರಶ್ನೆ ಅವಳದ್ದೇ. ಸರಿ, ಆದರೆ ಯಾವ ಸಂಖ್ಯೆ ಹಾಕಬೇಕು ಎಂದು ಹೇಗೆ ಗೊತ್ತಾಗಬೇಕು? ಸಂಖ್ಯೆಗಳಿಗೆ ಕೊನೆಯೇ ಇಲ್ಲವಲ್ಲ. ಇದಕ್ಕೆ ಉತ್ತರ ಕೊನೆಯ ಪದದಲ್ಲಿದೆ. ಯಾವುದೋ ಒಂದು ಪೂರ್ಣ ಸಂಖ್ಯೆ ಹಾಕಿದಾಗ ಇದೆಲ್ಲ ಸೊನ್ನೆ ಆಯಿತು ಎಂದುಕೊಳ್ಳೋಣ. ಆಗ 60ನ್ನು ಆಚೆ ಕಳಿಸಿದರೆ

ಯ(ಯ² − 4ಯ − 17) = −60

ಎಡಗಡೆ ಯ ಒಂದು ಗುಣಕ, ಆವರಣದೊಳಗಿನದು ಇನ್ನೊಂದು ಪೂರ್ಣ ಸಂಖ್ಯೆ. ಎರಡನ್ನೂ ಗುಣಿಸಿದರೆ −60. ಹಾಗಾದರೆ ಯ ಎನ್ನುವುದು 60ನ್ನು ಬಾಕಿಯಿಲ್ಲದೆ ಭಾಗಿಸಲೇಬೇಕು. 7 ಆಗಲು ಸಾಧ್ಯವಿಲ್ಲ, 8 ಆಗಲು ಸಾಧ್ಯವಿಲ್ಲ, ಹಾಕಿ ನೋಡುವ ಅಗತ್ಯವೇ ಇಲ್ಲ. 60ರ ಅಪವರ್ತನಗಳು 1, 2, 3, 4, 5, 6, 10, 12, 15, 20, 30, 60. ಹನ್ನೆರಡು. ಮೈನಸ್ ಸೇರಿದರೆ ಇಪ್ಪತ್ನಾಲ್ಕು. ಉತ್ತರ ಪೂರ್ಣ ಸಂಖ್ಯೆಯಲ್ಲಿದ್ದರೆ ಈ ಇಪ್ಪತ್ನಾಲ್ಕರಲ್ಲೇ ಇರಬೇಕು, ಹೊರಗೆ ಇರಲಿಕ್ಕಿಲ್ಲ. ಇದು ಲಕ್ ಅಲ್ಲ. ನಾವು ಆಫೀಸಿನಲ್ಲಿ ಬಗ್ ಹುಡುಕುವಾಗ ಮಾಡುವುದೂ ಇದನ್ನೇ. ಎಲ್ಲಿ ಇರಬಹುದು ಎಂಬುದನ್ನು ಒಂದು ಪಟ್ಟಿಗೆ ಇಳಿಸಿಕೊಂಡು ಒಂದೊಂದೇ ಹೊಡೆದುಹಾಕುತ್ತೇವೆ.

ಇಪ್ಪತ್ನಾಲ್ಕೂ ಹಾಕಬೇಕಾ ಎಂದು ಅವಳಿಗೆ ಗಾಬರಿ. ಬೇಡ. ನೀನು ಬರೆದಿಟ್ಟ ಬಾಕಿಗಳನ್ನೇ ನೋಡು. ಯ = 0 ಇದ್ದಾಗ 60, ಅದಕ್ಕೆ ಲೆಕ್ಕವೇ ಬೇಡ. 1ಕ್ಕೆ 40. 2ಕ್ಕೆ 18. 60, 40, 18. ಇಳಿಯುತ್ತಿದೆಯಲ್ಲ? ಮೈನಸ್ ಕಡೆ 72, 70. ಅಲ್ಲಿ ಸೊನ್ನೆ ಇನ್ನೂ ದೂರ. ಮುಂದಿನ ಹೆಜ್ಜೆ ಯಾವ ಕಡೆ ಇಡಬೇಕೆಂದು ಕಾಗದವೇ ಹೇಳುತ್ತಿತ್ತು. 3 ಹಾಕಿದಳು: 27 − 36 − 51 + 60. ಸೊನ್ನೆ.

ಆ ಸೊನ್ನೆಯ ಸುತ್ತ ಎರಡು ವೃತ್ತ ಎಳೆದಳು.

(ಯ − 3) ಸಿಕ್ಕಿತು. ಇನ್ನು ಉಳಿದ ತುಂಡನ್ನು ತೆಗೆಯಬೇಕು. ಉದ್ದನೆಯ ಭಾಗಾಕಾರ ಮಾಡಬಹುದು, ಮಕ್ಕಳು ಅದರಲ್ಲಿ ಚಿಹ್ನೆ ತಪ್ಪಿಸುವುದೇ ಹೆಚ್ಚು. ನನಗೆ ಇಷ್ಟವಾದದ್ದು ಒಡೆದು ಬರೆಯುವ ದಾರಿ. ಪ್ರತಿ ಹೆಜ್ಜೆಯಲ್ಲೂ (ಯ − 3) ಹೊರಬರುವ ಹಾಗೆ ಪದಗಳನ್ನು ಸೀಳುವುದು. ಯ³ ಇದೆ, ಅದಕ್ಕೆ ಜೊತೆಯಾಗಿ −3ಯ² ಬೇಕು. ನಮ್ಮಲ್ಲಿ −4ಯ² ಇದೆ, ಅಂದರೆ ಇನ್ನೊಂದು −ಯ² ಉಳಿಯಿತು. ಅದಕ್ಕೆ ಜೊತೆ +3ಯ. ನಮ್ಮಲ್ಲಿರುವುದು −17ಯ, ಆದ್ದರಿಂದ −20ಯ ಉಳಿಯಿತು. ಅದಕ್ಕೆ ಜೊತೆ +60. ಅದು ಸರಿಯಾಗಿ ಅಲ್ಲೇ ಕೂತಿದೆ.

ಯ³ − 3ಯ² − ಯ² + 3ಯ − 20ಯ + 60
= ಯ²(ಯ − 3) − ಯ(ಯ − 3) − 20(ಯ − 3)
= (ಯ − 3)(ಯ² − ಯ − 20)

ಕೊನೆಗೆ 60 ತಾನಾಗಿ ಹೊಂದದಿದ್ದರೆ ಎಲ್ಲೋ ಎಡವಿದ್ದೇವೆ ಎಂದು ಅಲ್ಲೇ ತಿಳಿಯುತ್ತದೆ. ಅದು ಈ ದಾರಿಯ ಒಳ್ಳೆಯ ಗುಣ. ಮುಂದಿನದು ಅವಳಿಗೆ ಮೊದಲೇ ಬರುತ್ತಿದ್ದದ್ದು. ಗುಣಿಸಿದರೆ −20, ಕೂಡಿಸಿದರೆ −1 ಬರುವ ಎರಡು ಸಂಖ್ಯೆ: −5 ಮತ್ತು 4. ಪೂರ್ತಿ ಉತ್ತರ

(ಯ − 3)(ಯ − 5)(ಯ + 4)

ಇದೇ ಕೆಲಸವನ್ನು ಸಿಂಥೆಟಿಕ್ ಡಿವಿಷನ್ ಎಂಬ ಗಿಡ್ಡ ದಾರಿಯಲ್ಲೂ ಮಾಡಬಹುದು. ಸಹಗುಣಕಗಳನ್ನಷ್ಟೇ ಸಾಲಾಗಿ ಬರೆಯುವುದು: 1, −4, −17, 60. ಮೊದಲ 1ನ್ನು ಹಾಗೇ ಕೆಳಗಿಳಿಸು. ಅದನ್ನು 3ರಿಂದ ಗುಣಿಸಿ ಮುಂದಿನ −4ಕ್ಕೆ ಕೂಡಿಸು, −1. ಅದನ್ನು 3ರಿಂದ ಗುಣಿಸಿ −17ಕ್ಕೆ ಕೂಡಿಸು, −20. ಮತ್ತೆ ಗುಣಿಸಿ 60ಕ್ಕೆ ಕೂಡಿಸು, 0. ಕೆಳಗಿನ ಸಾಲಿನ 1, −1, −20 ಭಾಗಲಬ್ಧ, ಕೊನೆಯ 0 ಬಾಕಿ. ಅರ್ಧ ನಿಮಿಷದ ಕೆಲಸ. ಆದರೆ ಗಿಡ್ಡ ದಾರಿಗೆ ಅದರದ್ದೇ ಗುಂಡಿಗಳಿರುತ್ತವೆ. ಅದರಲ್ಲಿ ನಾನೇ ಬಿದ್ದದ್ದನ್ನು ಕೊನೆಗೆ ಹೇಳುತ್ತೇನೆ.

ತಾಳೆ ನೋಡಲು ಮತ್ತೆ ಪೂರ್ತಿ ಗುಣಿಸಬೇಕಿಲ್ಲ. ಅವಳು ಪರೀಕ್ಷೆಯಲ್ಲಿ ಬರೆದ ನಾಲ್ಕು ಬಾಕಿಗಳಿವೆಯಲ್ಲ, ಅವೇ ಸಾಕು. ಯ = 1 ಹಾಕಿದರೆ (−2)(−4)(5), ಅಂದರೆ 40. ಯ = 2 ಹಾಕಿದರೆ (−1)(−3)(6), 18. ಸೊನ್ನೆ ಅಂಕ ಬಿದ್ದ ಅದೇ ಸಾಲುಗಳು ಈಗ ಉತ್ತರಕ್ಕೆ ಸಾಕ್ಷಿ ಹೇಳುತ್ತಿದ್ದವು. ಅವಳ ಟೀಚರ್ ಬಗ್ಗೆ ನನಗೆ ದೂರಿಲ್ಲ, ನಲವತ್ತೈದು ಮಕ್ಕಳ ಪೇಪರ್ ತಿದ್ದುವವರಿಗೆ ಉತ್ತರ ಇಲ್ಲದಿದ್ದರೆ ಸೊನ್ನೆಯೇ ಕಾಣುತ್ತದೆ. ಆದರೂ ಆ ನಾಲ್ಕು ಸಾಲಿಗೆ ಒಂದು ಅಂಕ ಕೊಡಬಹುದಿತ್ತು ಎಂದು ತಾಯಿಯ ಮನಸ್ಸಿಗೆ ಅನಿಸಿದ್ದು ಸುಳ್ಳಲ್ಲ.

ಗಂಟೆ ಮುಗಿದಿತ್ತು. ಅವಳು ಏಳಲಿಲ್ಲ. ಹಾಗಾಗಿ ಒಂದು ತರಲೆ ಮಾಡಿದೆ. ಕೊನೆಯ 60ನ್ನು ಅಳಿಸಿ 61 ಮಾಡಿದೆ.

ಯ³ − 4ಯ² − 17ಯ + 61

ಒಂದೇ ಒಂದು ಅಂಕಿಯ ವ್ಯತ್ಯಾಸ. 61 ಅವಿಭಾಜ್ಯ ಸಂಖ್ಯೆ. ಪಟ್ಟಿಯಲ್ಲಿ ಉಳಿಯುವುದು 1, −1, 61, −61 ಮಾತ್ರ. 1ಕ್ಕೆ 41. −1ಕ್ಕೆ 73. 61 ಹಾಕಿದರೆ ಎರಡು ಲಕ್ಷ ದಾಟುತ್ತದೆ, −61 ಹಾಕಿದರೆ ಅದಕ್ಕಿಂತ ದೊಡ್ಡ ಮೈನಸ್ ಸಂಖ್ಯೆ. ಯಾವುದೂ ಸೊನ್ನೆಯಲ್ಲ. ಈಗ ಅವಳು ಪರೀಕ್ಷೆಯಲ್ಲಿ ಬರೆದ ವಾಕ್ಯವನ್ನೇ ಬರೆಯಬಹುದು. ಇದು ಪೂರ್ಣ ಸಂಖ್ಯೆಯ ಸಹಗುಣಕಗಳಿರುವ ಸಣ್ಣ ತುಂಡುಗಳಾಗಿ ಒಡೆಯುವುದಿಲ್ಲ. ಅಲ್ಲಿ ತಪ್ಪಾದ ವಾಕ್ಯ ಇಲ್ಲಿ ಸರಿ. ಅಲ್ಲಿ ಇಪ್ಪತ್ನಾಲ್ಕರಲ್ಲಿ ನಾಲ್ಕನ್ನು ನೋಡಿ ಇಲ್ಲ ಎಂದಿದ್ದಳು, ಇಲ್ಲಿ ನಾಲ್ಕರಲ್ಲಿ ನಾಲ್ಕನ್ನೂ ನೋಡಿ ಇಲ್ಲ ಎನ್ನುತ್ತಿದ್ದಾಳೆ. ನನ್ನ ಮಟ್ಟಿಗೆ ಇಡೀ ಪಾಠದ ಸಾರವೇ ಇದು. ನಮ್ಮ ಪಠ್ಯಗಳಲ್ಲಿ ಎಲ್ಲ ಲೆಕ್ಕವೂ ಒಡೆಯುವಂಥದ್ದೇ ಇರುವುದರಿಂದ ಮಕ್ಕಳಿಗೆ ಈ 'ಇಲ್ಲ' ಎನ್ನುವ ಅವಕಾಶ ಸಿಗುವುದೇ ಇಲ್ಲ.

ಹಾಗೆ ಒಡೆಯದ ಘನ ಸಮೀಕರಣಗಳಿಗೂ ಸೂತ್ರ ಇದೆ. ಇಟಲಿಯ ಕಾರ್ಡಾನೋ 1545ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಘನಮೂಲದೊಳಗೆ ವರ್ಗಮೂಲ ತುಂಬಿದ, ಬಲು ಜಡೆಯ ಸೂತ್ರ. ಒಂಬತ್ತನೇ ಕ್ಲಾಸಿಗೆ ಅದು ಬೇಡ.

ಮಧ್ಯಾಹ್ನ ಊಟದ ನಂತರ ಇನ್ನೊಂದು ಬಗೆ. ಯ³ದ ಮುಂದೆ 1 ಬಿಟ್ಟು ಬೇರೆ ಸಂಖ್ಯೆ ಇದ್ದರೆ?

2ಯ³ − 3ಯ² + 2ಯ − 3

ಕೊನೆಯ ಪದ 3. ಅವಳು ಧೈರ್ಯವಾಗಿ 1, −1, 3, −3 ಹಾಕಿದಳು. ಬಂದ ಬಾಕಿಗಳು −2, −10, 30, −90. ಯಾವುದೂ ಇಲ್ಲ ಎಂದು ಪೆನ್ನು ಇಟ್ಟುಬಿಟ್ಟಳು. ಇಲ್ಲಿ ಪಟ್ಟಿ ಇನ್ನೂ ಮುಗಿದಿಲ್ಲ. ಆವರಣಗಳನ್ನು ಗುಣಿಸುವಾಗ ಮೊದಲ ಪದಗಳು ಸೇರಿ ಮೊದಲ ಪದವಾಗುತ್ತವೆ, ಕೊನೆಯ ಪದಗಳು ಸೇರಿ ಕೊನೆಯ ಪದ. ಹಾಗಾಗಿ (2ಯ − 3) ಎಂಬಂಥ ತುಂಡೂ ಇರಬಹುದು. ಅದನ್ನು ಸೊನ್ನೆ ಮಾಡುವುದು 3/2. ಅಂದರೆ ಮೇಲೆ 3ರ ಅಪವರ್ತನ, ಕೆಳಗೆ 2ರ ಅಪವರ್ತನ. ಪಟ್ಟಿಗೆ 1/2, 3/2 ಮತ್ತು ಅವುಗಳ ಮೈನಸ್ ಸೇರಿದವು. ಒಟ್ಟು ಎಂಟು.

ಇಲ್ಲಿಯೂ ದಿಕ್ಕು ನೋಡಬಹುದು. 1 ಹಾಕಿದರೆ −2, 2 ಹಾಕಿದರೆ 5. ಮೈನಸ್‌ನಿಂದ ಪ್ಲಸ್‌ಗೆ ಹೋಗುವಾಗ ನಡುವೆ ಸೊನ್ನೆ ದಾಟಲೇಬೇಕು. 1 ಮತ್ತು 2ರ ನಡುವೆ ನಮ್ಮ ಪಟ್ಟಿಯಲ್ಲಿರುವುದು 3/2 ಒಂದೇ. ಹಾಕಿದರೆ 27/4 − 27/4 + 3 − 3. ಸೊನ್ನೆ. ಇದನ್ನೆಲ್ಲ ಹೇಳಿ ಮುಗಿಸಿ ನಾನು ಹೆಮ್ಮೆಯಿಂದ ಚಹಾ ಇಡಲು ಎದ್ದೆ. ಹಿಂದಿನಿಂದ ಮಾತು ಬಂತು:

"ಅಮ್ಮಾ, ಇಷ್ಟೆಲ್ಲಾ ಯಾಕ? ಎರಡು-ಮೈನಸ್ ಮೂರು, ಎರಡು-ಮೈನಸ್ ಮೂರು, ಎರಡು ಸಲ ಅದ ಐತಲ್ಲ."

ಹೌದಲ್ಲ! ಸಹಗುಣಕಗಳು 2, −3, 2, −3. ಜೋಡಿ ಮಾಡಿದರೆ ಯ²(2ಯ − 3) + 1(2ಯ − 3), ಅಂದರೆ (2ಯ − 3)(ಯ² + 1). ಒಂದೇ ಸಾಲು. ಲೆಕ್ಕ ನಾನೇ ಹುಡುಕಿ ಕೊಟ್ಟದ್ದು, ನನಗೇ ಕಂಡಿರಲಿಲ್ಲ. ಪಟ್ಟಿ ಮಾಡುವ ಮೊದಲು ಒಂದು ಕ್ಷಣ ಸುಮ್ಮನೆ ನೋಡಬೇಕು: ಎಲ್ಲ ಪದಕ್ಕೂ ಸಾಮಾನ್ಯವಾದದ್ದು ಏನಾದರೂ ಇದೆಯಾ, ಎರಡೆರಡು ಪದ ಜೋಡಿಯಾಗುತ್ತವೆಯಾ ಎಂದು. ಅದನ್ನು ನನಗೆ ಹೇಳಿಕೊಟ್ಟದ್ದು ಗಣಿತ ಬರಂಗಿಲ್ಲ ಎಂದವಳು.

ಯ² + 1 ಮುಂದೆ ಒಡೆಯುವುದಿಲ್ಲವೇ ಎಂದು ಕೇಳಿದಳು. ಅದು ಸೊನ್ನೆಯಾಗಬೇಕಾದರೆ ಯಾವುದೋ ಸಂಖ್ಯೆಯ ವರ್ಗ −1 ಆಗಬೇಕು. ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಒಂಬತ್ತನೇ ಶತಮಾನದಲ್ಲೇ ಗಣಿತಸಾರಸಂಗ್ರಹದಲ್ಲಿ ಹೇಳಿಟ್ಟಿದ್ದಾರೆ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು. ಇಲ್ಲಿಗೆ ನಿಲ್ಲಬೇಕು. ಪಿಯುಸಿಗೆ ಹೋದ ಮೇಲೆ ಬೇರೆ ಬಗೆಯ ಸಂಖ್ಯೆಗಳು ಬರುತ್ತವೆ, ಆಗ ಮತ್ತೆ ಒಡೆಯಬಹುದು ಎಂದೆ. "ನಾ ಬೇಸಿಕ್ ತಗೊಂಡ್ರ?" ಎಂದಳು. ನಾನು ಉತ್ತರ ಕೊಡಲಿಲ್ಲ.

ಸೋಮವಾರ ಆಫೀಸಿನ ಚಹಾ ಹೊತ್ತಿನಲ್ಲಿ ಇದನ್ನೆಲ್ಲ ಒಬ್ಬ ಮರಾಠಿ ಸಹೋದ್ಯೋಗಿಗೆ ಹೇಳಿದೆ. ಅವರು ಭಾಸ್ಕರಾಚಾರ್ಯ ನಮ್ಮವರು, ಚಾಳೀಸಗಾವ್ ಹತ್ತಿರದ ಪಾಟಣದಲ್ಲಿ ಅವರ ಮೊಮ್ಮಗ ಚಾಂಗದೇವನ ಶಾಸನ ಇದೆ ಎಂದರು. ನಮ್ಮ ವಿಜಯಪುರದವರು ಹೀಗೆ ಹೇಳಿದರೆ ಬಿಡುತ್ತಾರೆಯೇ ಎಂದು ನಾನೂ ಬಿಡಲಿಲ್ಲ. ಈ ಜಗಳ ನಮ್ಮ ಕ್ಯಾಂಟೀನಿನಲ್ಲಿ ತೀರುವಂಥದ್ದಲ್ಲ. ಆದರೆ ಅದರ ನೆಪದಲ್ಲಿ ಬೀಜಗಣಿತದ ಒಂದು ಲೆಕ್ಕ ಮತ್ತೆ ನೋಡಿದೆ, ಮನೆಗೆ ಒಯ್ದೆ:

ಯ³ + 12ಯ = 6ಯ² + 35

ನಮ್ಮ ದಾರಿಯಲ್ಲಿ ಎಲ್ಲವನ್ನೂ ಒಂದೇ ಕಡೆ ತಂದರೆ ಯ³ − 6ಯ² + 12ಯ − 35. ಪಟ್ಟಿ 1, 5, 7, 35. ಮೈನಸ್ ಸಂಖ್ಯೆ ಹಾಕಿದರೆ ನಾಲ್ಕೂ ಪದ ಮೈನಸ್ ಆಗುತ್ತವೆ, ಆ ಅರ್ಧ ಪಟ್ಟಿ ನೋಡುವುದೇ ಬೇಡ. 5 ಹಾಕಿದರೆ 125 − 150 + 60 − 35, ಸೊನ್ನೆ. ಉಳಿದ ತುಂಡು ಯ² − ಯ + 7, ಅದು ಮುಂದೆ ಒಡೆಯುವುದಿಲ್ಲ. ಭಾಸ್ಕರರು ಹೀಗೆ ಮಾಡಲಿಲ್ಲ. ಎರಡೂ ಕಡೆಯಿಂದ 6ಯ² ಮತ್ತು 8ನ್ನು ಕಳೆದರು. ಎಡಗಡೆ ಯ³ − 6ಯ² + 12ಯ − 8 ಆಯಿತು, ಅದು (ಯ − 2)ರ ಘನ. ಬಲಗಡೆ 27, ಅದು 3ರ ಘನ. ಹಾಗಾಗಿ ಯ − 2 = 3, ಯ = 5. ಪಟ್ಟಿ ಇಲ್ಲ, ಬಾಕಿ ಇಲ್ಲ. ಎಂಟು ಕಳೆಯಬೇಕು ಎಂದು ಹೊಳೆಯಬೇಕಷ್ಟೆ. ಹೊಳೆಯದವರಿಗೆ ಪಟ್ಟಿ ಇದೆ. ಮಗಳು ಇದನ್ನು ನೋಡಿ, "ಇವರು ಶೋ ಮಾಡ್ಲಿಕತ್ತಾರ" ಎಂದಳು. ನನಗಂತೂ ಖುಷಿಯಾಯಿತು, 900 ವರ್ಷದ ಹಿಂದಿನವರ ಮೇಲೆ ಆ ಧಾಟಿಯಲ್ಲಿ ಮಾತಾಡಬೇಕಾದರೆ ಲೆಕ್ಕ ಅರ್ಥವಾಗಿರಬೇಕು.

ಆಮೇಲೆ ನಾನು ಲೆಕ್ಕ ಕೊಡುವುದನ್ನು ನಿಲ್ಲಿಸಿದೆ, ಅವಳಿಂದಲೇ ಮಾಡಿಸಿದೆ. ಮೂರು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಂಡು ಮೂರು ಆವರಣ ಗುಣಿಸಿದರೆ ಒಂದು ಘನ ಬಹುಪದೋಕ್ತಿ ಸಿದ್ಧ. ಹೀಗೆ ಹತ್ತು ಮಾಡಿದ ಮೇಲೆ ಕೊನೆಯ ಪದದಲ್ಲಿ ಮೂರೂ ಸಂಖ್ಯೆಗಳ ಗುಣಲಬ್ಧ ಅಡಗಿದೆ, ಯ²ದ ಮುಂದೆ ಅವುಗಳ ಮೊತ್ತ ಚಿಹ್ನೆ ಬದಲಿಸಿ ಕೂತಿದೆ ಎಂದು ಅವಳೇ ಕಂಡುಕೊಂಡಳು. ಪ್ರಶ್ನೆಪತ್ರಿಕೆ ಮಾಡುವವರೂ ಹೀಗೇ ಮಾಡುತ್ತಾರೆ ಎಂದು ತಿಳಿದದ್ದು ಅವಳಿಗೆ ದೊಡ್ಡ ಗುಟ್ಟು ಸಿಕ್ಕಂತಾಯಿತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ 40ಕ್ಕೆ 26 ಬಂತು. ಪವಾಡವೇನಲ್ಲ. ವಿಚಿತ್ರವೆಂದರೆ ಆ ಪತ್ರಿಕೆಯಲ್ಲಿ ಘನದ ಲೆಕ್ಕ ಒಂದೂ ಬರಲಿಲ್ಲ. ಫಾರ್ಮು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನ ಕೆಳಗೆ ಇನ್ನೂ ಹಾಗೇ ಇದೆ. ಸಹಿಯಾಗಿಲ್ಲ, ಹರಿದೂ ಇಲ್ಲ. ಈ ತಿಂಗಳ ಕೊನೆಯೊಳಗೆ ಕೊಡಬೇಕು, ಯಾವುದಕ್ಕೆ ಗುರುತು ಹಾಕಬೇಕು ಎಂದು ಅವಳೇ ಹೇಳಲಿ ಎಂದು ಬಿಟ್ಟಿದ್ದೇನೆ.

ಮೊನ್ನೆ ಮಧ್ಯಾಹ್ನ ಒಂದು ಉದ್ದನೆಯ ಕಾಲ್‌ನಲ್ಲಿದ್ದೆ. ಮಗಳಿಂದ ವಾಟ್ಸಾಪ್ ಬಂತು:

ಯ³ − 7ಯ + 6

ಮ್ಯೂಟಿನಲ್ಲಿದ್ದುಕೊಂಡೇ ಕಾಗದದ ತುಂಡಿನ ಮೇಲೆ ಗಿಡ್ಡ ದಾರಿ ಹಿಡಿದೆ. 1, −7, 6. ಒಂದು ಹಾಕಿದೆ: 1 ಇಳಿಯಿತು, −6 ಆಯಿತು, ಕೊನೆಗೆ 0. ಬಾಕಿ ಸೊನ್ನೆ! (ಯ − 1)(ಯ − 6) ಎಂದು ಕಳಿಸಿ ಮೀಟಿಂಗಿಗೆ ಮರಳಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: "ಅಮ್ಮಾ, ಘನ ಎಲ್ಲಿ ಹೋತು?"

ಹೌದು. ಎರಡು ಆವರಣ ಗುಣಿಸಿದರೆ ಯ² ಬರುತ್ತದೆ, ಯ³ ಹೇಗೆ ಬರಬೇಕು? ಅಲ್ಲಿ ಯ²ದ ಪದ ಇಲ್ಲ, ಅಂದರೆ ಅದರ ಸಹಗುಣಕ ಸೊನ್ನೆ. ಆ ಸೊನ್ನೆಯ ಜಾಗ ಬಿಡದೆ ಸಾಲು ಬರೆದಿದ್ದೆ. ಇದೇ ನಾನು ಹೇಳಿದ ಗುಂಡಿ. ಕಾಣದ ಪದಕ್ಕೂ ಸಾಲಿನಲ್ಲಿ ಒಂದು ಕುರ್ಚಿ ಇಡಬೇಕು. ಬಾಕಿ ಸೊನ್ನೆ ಬಂದದ್ದರಿಂದ ನನಗೆ ಅನುಮಾನವೂ ಬರಲಿಲ್ಲ. ಮತ್ತೆ ಬರೆದೆ: 1, 0, −7, 6. ಕೆಳಗೆ 1, 1, −6, 0. ಯ² + ಯ − 6, ಅಂದರೆ (ಯ + 3)(ಯ − 2). ಮೂರೂ ಆವರಣ ಸರಿಯಾಗಿ ಬರೆದು ಕಳಿಸಿದೆ.

ಅಷ್ಟರಲ್ಲಿ ಇನ್ನೊಂದು ಬಂದಿತ್ತು: ಯ³ + ಯ + 1.

ಈ ಸಲ ಕುರ್ಚಿ ಮರೆಯಲಿಲ್ಲ. ಕೊನೆಯ ಪದ 1, ಹಾಕಿ ನೋಡಬೇಕಾದದ್ದು ಎರಡೇ. 1ಕ್ಕೆ 3, −1ಕ್ಕೆ −1. "ಇದು ಒಡಿಯಂಗಿಲ್ಲ" ಎಂದು ಬರೆದೆ.

"ಯಾಕ? ಸ್ಟೆಪ್ಸ್ ಬರಿ" ಎಂದು ಬಂತು ಉತ್ತರ.